ಪುಣೆಯ ಲೇಬರ್ ಕ್ಯಾಂಪಿನ ಮಕ್ಕಳಿಗೆ ನಿಮ್ಮ ಕನ್ನಡ ಬೇಕು: ಎಲ್ಲಿಂದ ಶುರು ಮಾಡಬೇಕು, ಹೇಗೆ ಮಾಡಬೇಕು

ವಾಕಡ್, ಹಿಂಜವಡಿ, ಖರಾಡಿ, ವಾಘೋಲಿ ಕಡೆ ಏಳುತ್ತಿರುವ ಬಿಲ್ಡಿಂಗುಗಳ ಹಿಂದೆ ಒಮ್ಮೆ ಸುತ್ತಾಡಿ ನೋಡಿ. ತಗಡಿನ ಶೆಡ್ಡುಗಳ ಸಾಲು ಕಾಣುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಕಲಬುರಗಿಯ ಕನ್ನಡವೋ, ಯಾದಗಿರಿ, ವಿಜಯಪುರದ ಕನ್ನಡವೋ ಕಿವಿಗೆ ಬೀಳುವ ಸಾಧ್ಯತೆ ಜಾಸ್ತಿ. ತಾಂಡಾದವರಾದರೆ ತಮ್ಮೊಳಗೆ ಲಂಬಾಣಿ ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಮರಾಠಿ ಗಂಡಸರಿಗೆ ಅಷ್ಟಿಷ್ಟು ಬರುತ್ತದೆ, ಹೆಂಗಸರಿಗೆ ಕಡಿಮೆ, ಈಗಷ್ಟೇ ಬಂದ ಮಕ್ಕಳಿಗೆ ಏನೂ ಇಲ್ಲ.

ಇಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಒಳ್ಳೆಯ ಸಂಸ್ಥೆಗಳಿವೆ, ಸರಕಾರದ ಯೋಜನೆಗಳೂ ಇವೆ. ಆದರೆ ಶಾಲೆಯ ಆಫೀಸಿನಲ್ಲಿ, ಅಂಗನವಾಡಿಯಲ್ಲಿ, ದವಾಖಾನೆಯಲ್ಲಿ ಆ ತಾಯಿಯ ಪಕ್ಕ ನಿಂತು ಅವಳ ಮಾತು ಇವರಿಗೆ, ಇವರ ಮಾತು ಅವಳಿಗೆ ಸರಿಯಾಗಿ ತಲುಪಿಸುವವರು ತೀರಾ ಕಡಿಮೆ. ಪುಣೆಯಲ್ಲಿ ಇರುವ ಕನ್ನಡಿಗರು, ಅದರಲ್ಲೂ ಮರಾಠಿ ಕಲಿತವರು, ಮಾಡಬಹುದಾದ ಅತಿ ದೊಡ್ಡ ಸೇವೆ ಇದೇ ಎಂದು ನಾನು ನಂಬಿದ್ದೇನೆ. ಬಿಸ್ಕೆಟ್ ಹಂಚುವುದಕ್ಕೆ, ಹುಟ್ಟುಹಬ್ಬದ ಕೇಕ್ ಕತ್ತರಿಸುವುದಕ್ಕೆ ಬೇಕಾದಷ್ಟು ಜನ ಬರುತ್ತಾರೆ. ವಾರಕ್ಕೆ ಎರಡು ಗಂಟೆ, ತಪ್ಪದೆ, ಒಂದೇ ಜಾಗಕ್ಕೆ ಬರುವವರು ಬೇಕು.

ನೀವೊಬ್ಬರೇ ನೇರವಾಗಿ ಕ್ಯಾಂಪಿಗೆ ಹೋಗಬೇಡಿ. ವಾಚ್‌ಮನ್ ಬಿಡುವುದಿಲ್ಲ, ಕೂಲಿಗಳ ಮೇಸ್ತ್ರಿ ಮುಕಾದಮನಿಗೆ ಸಂಶಯ ಬರುತ್ತದೆ, ನೀವು ಹೋದಮೇಲೆ ಬೈಸಿಕೊಳ್ಳುವವರು ಆ ಮನೆಯವರು. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವವರ ಜೊತೆ ಸೇರಿ. ಡೋರ್ ಸ್ಟೆಪ್ ಸ್ಕೂಲ್ 1988ರಲ್ಲಿ ಮುಂಬೈಯಲ್ಲಿ ಶುರುವಾದದ್ದು, ಪುಣೆಯಲ್ಲಿ ಕಟ್ಟಡ ಕೆಲಸದ ಜಾಗಗಳ ಮಕ್ಕಳನ್ನು ಹುಡುಕಿ ಶಾಲೆಗೆ ಸೇರಿಸುವ ಕೆಲಸ ಮಾಡುತ್ತದೆ. ಇನ್ನು ತಾರಾ ಮೊಬೈಲ್ ಕ್ರೆಶಸ್ ಪುಣೆಯ ಸೈಟುಗಳಲ್ಲೇ ಮಕ್ಕಳ ಮನೆ, ಅಂದರೆ ಹಗಲು ಕೂಸುಗಳನ್ನು ನೋಡಿಕೊಳ್ಳುವ ಜಾಗ, ನಡೆಸುತ್ತದೆ. ಈ ಬಗೆಯ ಕೆಲಸಕ್ಕೆ ಮೊದಲ ದಾರಿ ಹಾಕಿದ್ದು 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್. ಕಟ್ಟಡ ಕೆಲಸದ ಜಾಗದಲ್ಲಿ ಬಿಸಿಲಿಗೆ ಮಲಗಿದ್ದ ಕೂಸುಗಳನ್ನು ಕಂಡು ಅಲ್ಲೇ ಒಂದು ಟೆಂಟಿನಲ್ಲಿ ಶುರು ಮಾಡಿದರು.

ಸಂಸ್ಥೆ ಯಾವುದಾದರೂ ಇರಲಿ, ನಿಮ್ಮ ಗುರುತಿನ ಚೀಟಿ ಕೇಳುತ್ತಾರಾ, ಪರಿಚಯದವರ ಹೆಸರು ಕೇಳುತ್ತಾರಾ, ಮಕ್ಕಳ ಸುರಕ್ಷತೆಯ ನಿಯಮಗಳಿಗೆ ಸಹಿ ಹಾಕಿಸುತ್ತಾರಾ ನೋಡಿ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದೆ ಮೊದಲ ದಿನವೇ ಮಕ್ಕಳ ಜೊತೆ ಒಂಟಿಯಾಗಿ ಬಿಡುವ ಜಾಗ ನನಗಂತೂ ಸರಿ ಕಾಣುವುದಿಲ್ಲ, ಯಾಕೆಂದರೆ ನಿಮ್ಮನ್ನು ಬಿಟ್ಟ ಹಾಗೆ ಇನ್ನು ಯಾರನ್ನಾದರೂ ಬಿಡುತ್ತಾರೆ.

ಈಗ ಶಾಲೆಗೆ ಸೇರಿಸುವ ವಿಷಯ. ಕಷ್ಟ ಶಾಲೆಯ ಗೇಟಿನಲ್ಲಿ ಶುರುವಾಗುತ್ತದೆ ಅಂದುಕೊಳ್ಳುತ್ತೇವೆ, ಅದು ಶೆಡ್ಡಿನಲ್ಲೇ ಶುರುವಾಗಿರುತ್ತದೆ. ಎಂಟು ವರ್ಷದ ಹುಡುಗಿ, ಸೊಂಟದ ಮೇಲೆ ವರ್ಷದ ತಮ್ಮ. ಅವಳ ಸೊಂಟ ಒಂದು ಕಡೆಗೆ ವಾಲಿರುತ್ತದೆ, ಒಂದು ಕೈಯಲ್ಲೇ ನೀರು ತುಂಬುತ್ತಾಳೆ, ಅದೇ ಕೈಯಲ್ಲಿ ಒಲೆಗೆ ಕಟ್ಟಿಗೆ ತಳ್ಳುತ್ತಾಳೆ. ಶಾಲೆಗೆ ಕಳಿಸಿ ಎಂದರೆ ತಾಯಿ ಕೇಳುವುದು ಒಂದೇ ಪ್ರಶ್ನೆ: "ಕೂಸಿನ್ನ ಯಾರ್ ನೋಡ್ಕೋಬೇಕ್ರಿ ಅಕ್ಕಾರ?" ಇದಕ್ಕೆ ಉತ್ತರ ಇಲ್ಲದೆ ಶಿಕ್ಷಣದ ಮಹತ್ವದ ಬಗ್ಗೆ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ. ಅಕ್ಕ ಶಾಲೆಗೆ ಹೋಗಬೇಕೆಂದರೆ ಮೊದಲು ತಮ್ಮನಿಗೆ ಜಾಗ ಹುಡುಕಬೇಕು. ಸೈಟಿನಲ್ಲಿ ಮಕ್ಕಳ ಮನೆ ಇದೆಯಾ ಕೇಳಿ. ಮೂರು ವರ್ಷ ದಾಟಿದ ಮಗುವಾದರೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ. ಅದಕ್ಕಿಂತ ಚಿಕ್ಕದಿದ್ದರೂ, ತಾಯಿ ಬಸುರಿ ಅಥವಾ ಬಾಣಂತಿ ಇದ್ದರೂ ಹೆಸರು ಬರೆಸಿ, ಆಹಾರವಾದರೂ ಸಿಗುತ್ತದೆ. ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೆ ಅದನ್ನು ಇಲ್ಲಿಗೆ ವರ್ಗಾಯಿಸಲು ಬರುತ್ತದೆ.

ಶಾಲೆಗೆ ಹೋಗುವ ದಿನ ತಾಯಿಯನ್ನೋ ತಂದೆಯನ್ನೋ ಕರೆದುಕೊಂಡೇ ಹೋಗಿ. ಅವರ ಒಂದು ದಿನದ ಕೂಲಿ ಹೋಗುತ್ತದೆ, ಅದಕ್ಕೇ ಮೊದಲೇ ಫೋನ್ ಮಾಡಿ ಹೆಡ್‌ಮಾಸ್ತರರು ಇರುವ ಹೊತ್ತು ಕೇಳಿಕೊಳ್ಳಿ. ನಗರದೊಳಗೆ ಪಾಲಿಕೆ ಶಾಲೆ, ಹೊರಗೆ ಜಿಲ್ಲಾ ಪರಿಷತ್ ಶಾಲೆ. ಅಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ಊರಿನ ಶಾಲೆಯ ಟಿಸಿ ತನ್ನಿ. ಇನ್ನೊಂದು, ಜನನ ಪ್ರಮಾಣಪತ್ರ ತನ್ನಿ. ಎರಡಕ್ಕೂ ಉತ್ತರ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. 5ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಿಂದ ಬಂದ ಮಗುವಿಗೂ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಈ ಸೆಕ್ಷನ್ನುಗಳ ಮರಾಠಿ ಪ್ರತಿ ಒಂದು ಕೈಯಲ್ಲಿರಲಿ. ಜಗಳಕ್ಕೆ ಹೋಗಬೇಡಿ, ಸಮಾಧಾನವಾಗಿ ತೋರಿಸಿ. ನಾಳೆಯಿಂದ ಆ ಮಗು ಕೂರುವುದು ಅದೇ ಮಾಸ್ತರರ ಮುಂದೆ, ಅಲ್ವಾ.

ಫಾರ್ಮ್ ತುಂಬುವಾಗ ನೀವು ಪಕ್ಕದಲ್ಲೇ ಇರಬೇಕು. ತಾಯಿ ಗಾಬರಿಯಲ್ಲಿ ಪ್ರತಿ ಪ್ರಶ್ನೆಗೂ "ಹೌದ್ರಿ, ಹೌದ್ರಿ" ಅನ್ನುತ್ತಿರುತ್ತಾರೆ. ಮಹಾರಾಷ್ಟ್ರದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಆಡನಾವ್ ಹೀಗೆ ಮೂರು ಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಡ್ಡಹೆಸರನ್ನು ಕಾಗದದಲ್ಲಿ ಬರೆಸಿರುವುದಿಲ್ಲ, ಆಗ ಗುಮಾಸ್ತರು ತೋಚಿದ್ದು ಬರೆಯುತ್ತಾರೆ. ಯಲ್ಲವ್ವ ಇನ್ನೇನೋ ಆಗುತ್ತದೆ, ಹುಟ್ಟಿದ ದಿನ ಜೂನ್ 1 ಆಗುತ್ತದೆ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರಾದರೆ ಮುಂದೆ ವಿದ್ಯಾರ್ಥಿವೇತನಕ್ಕೆ, ಹತ್ತನೇ ಕ್ಲಾಸಿನ ಪರೀಕ್ಷೆಗೆ ಎಲ್ಲಾ ಕಡೆ ತೊಂದರೆ. ಆಧಾರ್ ಕಾರ್ಡ್, ಊರಿನ ಶಾಲೆಯ ಹಳೆಯ ಮಾರ್ಕ್ಸ್ ಕಾರ್ಡ್ ಏನಿದೆಯೋ ಅದನ್ನು ನೋಡಿ ಅಕ್ಷರ ಅಕ್ಷರ ಹೊಂದಿಸಿ ಬರೆಸಿ.

ಸೇರಿಸಿದ ಮೇಲೆ ನಿಜವಾದ ಕೆಲಸ ಇದೆ. ಮೊದಲ ಎರಡು ಮೂರು ತಿಂಗಳು ಆ ಮಗುವಿಗೆ ತರಗತಿಯಲ್ಲಿ ಏನೂ ತಿಳಿಯುವುದಿಲ್ಲ. ಊರಲ್ಲಿ ಮೂರನೇ ಕ್ಲಾಸಿನ ಪಾಠ ಸರಾಗ ಓದುತ್ತಿದ್ದ ಹುಡುಗ ಇಲ್ಲಿ ದೇವನಾಗರಿ ನೋಡಿ ಸುಮ್ನೆ ಕೂತಿರುತ್ತಾನೆ, ದಡ್ಡ ಅನ್ನಿಸಿಕೊಳ್ಳುತ್ತಾನೆ, ಮೆಲ್ಲಗೆ ಬಿಟ್ಟುಬಿಡುತ್ತಾನೆ. ಸಂಜೆ ಒಂದು ಗಂಟೆ ಅವನ ಜೊತೆ ಕೂತು ಕನ್ನಡದಲ್ಲಿ ಪಾಠ ವಿವರಿಸಿ, ಮರಾಠಿ ಅಕ್ಷರ ತಿದ್ದಿಸಿ, ಲೆಕ್ಕ ಮಾಡಿಸಿ. ಅವನಿಗೆ ಕನ್ನಡ ಓದಲು ಬರುತ್ತದೆ ಎಂದು ಕ್ಲಾಸ್ ಟೀಚರಿಗೆ ಹೇಳಿ. ಅವರಿಗೆ ಅದು ಗೊತ್ತಾಗುವ ದಾರಿಯೇ ಇರುವುದಿಲ್ಲ, ಗೊತ್ತಾದ ಮೇಲೆ ಮಗುವನ್ನು ನೋಡುವ ರೀತಿಯೇ ಬದಲಾಗುತ್ತದೆ.

ಶಾಲೆ ಎಷ್ಟು ಹೇಳಿದರೂ ಸೇರಿಸಿಕೊಳ್ಳದಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ. ಅದೇ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆ, ಅಂದರೆ ಪಾಲಿಕೆ ಅಥವಾ ಜಿಲ್ಲಾ ಪರಿಷತ್, ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು. ಆಮೇಲೆ ರಾಜ್ಯದ ಮಕ್ಕಳ ಹಕ್ಕು ರಕ್ಷಣಾ ಆಯೋಗ ಇದೆ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ, ದೂರು ತೆಗೆದುಕೊಂಡದ್ದಕ್ಕೆ ಆಫೀಸು ಹಾಕುವ ಇನ್‌ವರ್ಡ್ ನಂಬರಿನ ಸೀಲು ಬಿದ್ದ ಪ್ರತಿ ಕೈಯಲ್ಲಿರಲಿ. ಇನ್ನೊಂದು ದಾರಿ ಶಾಲಾ ವ್ಯವಸ್ಥಾಪನ ಸಮಿತಿ. ಸರಕಾರಿ ಶಾಲೆಗಳಲ್ಲಿ ಇದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಒಟ್ಟು ಅರ್ಧದಷ್ಟು ಹೆಂಗಸರು ಇರಬೇಕು. ಕ್ಯಾಂಪಿನ ಒಬ್ಬ ತಾಯಿ ಆ ಸಭೆಯಲ್ಲಿ ಕೂರುವಂತಾದರೆ ನೀವು ಹತ್ತು ಅರ್ಜಿ ಕೊಟ್ಟದ್ದಕ್ಕಿಂತ ಜಾಸ್ತಿ ಆಗುತ್ತದೆ.

ಕ್ಯಾಂಪಿಗೆ ಹೋಗಲು ಆಗದವರೂ ಮಾಡಬಹುದಾದ ಒಂದು ಕೆಲಸ ಇದೆ, ಐಟಿಯಲ್ಲಿರುವ ನಮ್ಮವರು ಇದನ್ನು ದಯವಿಟ್ಟು ಓದಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಬಿಲ್ಡರಿಂದ ಕಟ್ಟಡ ವೆಚ್ಚದ ಶೇ. 1 ಸೆಸ್ ಕೂಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. ನೀವು ಫ್ಲ್ಯಾಟ್ ಬುಕ್ ಮಾಡಲು ಹೋದಾಗ ಈಜುಕೊಳ, ಜಿಮ್ ಕೇಳುವ ಹಾಗೆಯೇ "ಇಲ್ಲಿ ಕೆಲಸ ಮಾಡುವವರ ಮಕ್ಕಳನ್ನು ಹಗಲು ಎಲ್ಲಿ ಇಡುತ್ತಾರೆ, ಸ್ವಲ್ಪ ತೋರಿಸಿ" ಎಂದು ಕೇಳಿ. ಬುಕ್ ಮಾಡಿದ ಹತ್ತು ಜನ ಸೇರಿ ಒಂದು ಮೇಲ್ ಹಾಕಿ. ದುಡ್ಡು ಕೊಡುವವರು ಕೇಳಿದ ಪ್ರಶ್ನೆಯನ್ನು ಬಿಲ್ಡರ್ ಸುಲಭಕ್ಕೆ ತಳ್ಳಿಹಾಕುವುದಿಲ್ಲ. ತಂದೆ ತಾಯಿಯ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದ್ದರೆ ಓದುವ ಮಕ್ಕಳಿಗೆ ಸಹಾಯಧನವೂ ಇದೆ. ಅದಕ್ಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅದನ್ನು ಗುತ್ತಿಗೆದಾರರಿಂದ ಬರೆಸಿಕೊಳ್ಳುವುದು ತಲೆನೋವಿನ ಕೆಲಸ, ಕೇಳಲು ಜೊತೆಗೆ ಒಬ್ಬರು ಹೋದರೆ ಧೈರ್ಯ ಬರುತ್ತದೆ.

ಮಗುವಿಗೆ ಅಪಾಯ ಇದೆ ಅನ್ನಿಸಿದರೆ 1098. ಹೊಡೆತ ಇರಲಿ, ದುಡಿಸುವುದಿರಲಿ, ಬಾಲ್ಯವಿವಾಹದ ಸುಳಿವಿರಲಿ, ಹಗಲು ರಾತ್ರಿ ಯಾವಾಗಲೂ ಉಚಿತ. 1996ರಲ್ಲಿ ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಿಂದ ಶುರುವಾದ ಈ ಸಹಾಯವಾಣಿ ಈಗ ದೇಶದ ತುಂಬ ಇದೆ. ಜಾಗದ ಗುರುತು, ಮಗುವಿನ ಅಂದಾಜು ವಯಸ್ಸು, ನೀವು ಕಣ್ಣಾರೆ ಕಂಡದ್ದು, ಇಷ್ಟು ಸ್ಪಷ್ಟವಾಗಿ ಹೇಳಿ. ಲೈಂಗಿಕ ದೌರ್ಜನ್ಯದ ಸಂಶಯ ಇದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ಮುಚ್ಚಿಟ್ಟರೆ ಅದೇ ಅಪರಾಧ. ಮಗುವನ್ನು ಕೂರಿಸಿಕೊಂಡು ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಅದು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಸಂಸ್ಥೆಯ ಹಿರಿಯರಿಗೆ ಹೇಳಿ, ಕ್ಯಾಂಪಿನಲ್ಲಿ ಒಬ್ಬರಿಗೂ ಹೇಳಬೇಡಿ. ಇಂಥ ಹೊತ್ತಲ್ಲಿ ಮಗುವಿನ ಮಾತು ಬಲ್ಲವರು ಬೇಕೇ ಬೇಕು, ಅದಕ್ಕೆ ಕನ್ನಡ ಅನುವಾದಕರಾಗಿ ಬರಲು ಸಿದ್ಧ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮೊದಲೇ ಹೆಸರು ಕೊಟ್ಟಿಡಿ.

ಮತ್ತೆ ಫೋಟೊ. ದಯವಿಟ್ಟು ಮಕ್ಕಳ ಮುಖ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ನಿಮ್ಮ ಮನೆಯ ಮಗು ಹರಿದ ಅಂಗಿಯಲ್ಲಿದ್ದಾಗ ನೀವು ಹಾಕುತ್ತೀರಾ?

ಮುಂಬೈಯಲ್ಲಿ ಇರುವವರಿಗೆ ಬೇರೆ ಒಂದು ದಾರಿ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕರ್ನಾಟಕದಿಂದಲೂ ಕ್ಯಾನ್ಸರ್ ಇರುವ ಮಕ್ಕಳನ್ನು ಕರೆತರುತ್ತಾರೆ. ಕೀಮೋ ಯಾವ ದಿನ, ಯಾವ ಕೌಂಟರ್, ಯಾವ ಮಾತ್ರೆ ಊಟಕ್ಕೆ ಮೊದಲು ಎಂಬುದು ಹಿಂದಿ, ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪ ಅಮ್ಮನಿಗೆ ಅರ್ಧವೂ ತಿಳಿಯುವುದಿಲ್ಲ. ಇಂಥ ಮನೆಯವರಿಗೆ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ 2006ರಿಂದ ಇದೆ. ಕನ್ನಡ ಬರುತ್ತದೆ, ಇಂಥ ದಿನ ಬರಬಲ್ಲೆ ಎಂದು ಹೇಳಿಕೊಳ್ಳಿ. ನೆಗಡಿ, ಕೆಮ್ಮು ಇದ್ದ ದಿನ ಮಾತ್ರ ಹೋಗಲೇಬೇಡಿ, ಆ ಮಕ್ಕಳಿಗೆ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಗೋವಾದಲ್ಲಿ ವಾಸ್ಕೊ, ಜುವಾರಿನಗರದ ಕಡೆ ನಮ್ಮವರ ಮನೆಗಳು ಬಹಳ. ಅಲ್ಲಿ ಮಕ್ಕಳಿಗೆಂದೇ 2003ರ ಗೋವಾ ಮಕ್ಕಳ ಕಾಯ್ದೆ ಇದೆ, ಬೇರೆ ಮಕ್ಕಳ ನ್ಯಾಯಾಲಯವೂ ಇದೆ. ಮೊದಲು ಅದನ್ನು ಓದಿಕೊಂಡು ಶುರು ಮಾಡಿ.

ಕೊನೆಗೆ ಪುಣೆಯವರಿಗೆ ಇನ್ನೊಂದು ವಿಷಯ. ಇವರಲ್ಲಿ ಎಷ್ಟೋ ಮನೆಯವರು ಮಳೆ ಬೀಳುವ ಮುಂಚೆ ಬಿತ್ತನೆಗೆ ಊರಿಗೆ ಹೋಗುತ್ತಾರೆ, ಹೇಳದೆ ಒಂದು ಬೆಳಿಗ್ಗೆ ಶೆಡ್ಡು ಖಾಲಿ ಇರುತ್ತದೆ. ಏಪ್ರಿಲ್‌ನಲ್ಲೇ ಕೇಳಿಟ್ಟುಕೊಳ್ಳಿ. ಇಲ್ಲಿನ ಶಾಲೆಯಿಂದ ಟಿಸಿ, ಪ್ರಗತಿ ಪತ್ರ ಕೊಡಿಸಿ, ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ತಾಯಿಯ ವಾಟ್ಸ್‌ಆಪ್‌ಗೆ ಕಳಿಸಿ. ಊರಿನ ಶಾಲೆಯ ಮಾಸ್ತರರಿಗೆ ಒಂದು ಫೋನ್ ಮಾಡಿ, ಈ ಮಗು ಇಲ್ಲಿ ಇಷ್ಟು ತಿಂಗಳು ಓದಿದೆ, ಇಂಥ ತರಗತಿ ಮುಗಿಸಿದೆ ಎಂದು ಕನ್ನಡದಲ್ಲೇ ಹೇಳಿ. ಆ ಒಂದು ಫೋನ್ ಇಲ್ಲದಿದ್ದರೆ ಮಗು ಮತ್ತೆ ಹಳೆಯ ತರಗತಿಯಲ್ಲೇ ಕೂರಬೇಕಾಗುತ್ತದೆ.