ಬಳ್ಳಾರಿ ಧೂಳಲ್ಲಿ ಮನೆಗೆ ಪೇಂಟ್ ಮಾಡ್ಸೋರು ಮೇಸ್ತ್ರಿನ ಹೆಂಗೆ ಹಿಡೀಬೇಕು

ಮೊದಲ ಸಲ ಮನೆಗೆ ಪೇಂಟ್ ಮಾಡ್ಸಿದಾಗ ಮೂರು ಜನರ ಹತ್ರ ಕೊಟೇಷನ್ ತಗೊಂಡು ಕಡಿಮೆ ಹೇಳಿದೋನಿಗೆ ಕೆಲಸ ಕೊಟ್ಟೆ. ಬಣ್ಣ ಯಾವುದು ಅಂತ ಮನೆಮಂದಿ ಎಲ್ಲಾ ಹದಿನೈದು ದಿನ ಜಗಳ ಆಡಿದ್ವಿ, ಆದ್ರೆ ಆ ಮನುಷ್ಯ ಗೋಡೆ ತೊಳೀತಾನೋ ಇಲ್ವೋ ಅಂತ ಒಬ್ರೂ ಕೇಳ್ಲಿಲ್ಲ. ನಮ್ಮೂರ ಧೂಳು ನಿಮಗೆ ಗೊತ್ತೇ ಐತಲ್ಲ, ಪ್ಯಾರಾಪೆಟ್ ಮೇಲೆ ಬೆರಳಾಡಿಸಿದ್ರೆ ಕುಂಕುಮ ಮುಟ್ಟಿದಂಗೆ ಕೆಂಪಗಾಗುತ್ತೆ, ಆ ಧೂಳಿನ ಮೇಲೇ ಬಳಿದು ಹೋಗಿಬಿಟ್ಟ. ಮುಂದಿನ ಸೆಪ್ಟೆಂಬರ್ ಮಳೆಗೆ ಪಡುವಲ ಗೋಡೆ ಹಪ್ಪಳದಂಗೆ ಉಬ್ಬಿ ಎದ್ತು, ಒಂದು ಚಕ್ಕೆ ಕಿತ್ತು ತಿರುಗಿಸಿ ನೋಡ್ದೆ, ಹಿಂದುಗಡೆ ಧೂಳು ಹಂಗೇ ಅಂಟ್ಕೊಂಡಿತ್ತು. ಫೋನ್ ಮಾಡಿದ್ರೆ "ಡಬ್ಬಿ ಮಾಲೇ ಸರಿ ಇಲ್ಲ ಸರ್" ಅಂದ, ಅಷ್ಟೇ.

ಹಿಂಗಾಗಿ ನಾನು ಹೇಳೋದು, ಮೇಸ್ತ್ರಿ ಜೊತೆ ಬಣ್ಣದ ಮಾತು ಕೊನೆಗೆ ಆಡ್ರಿ, ಮೊದ್ಲು ಬಣ್ಣಕ್ಕಿಂತ ಮುಂಚೆ ಏನೇನು ಮಾಡ್ತೀಯಪ್ಪಾ ಅಂತ ಕೇಳ್ರಿ. ಕೆರೆಯೋದು, ತೊಳೆಯೋದು, ಬಿರುಕು ತುಂಬೋದು, ಪುಟ್ಟಿ (ಗೋಡೆ ನುಣ್ಣಗೆ ಮಾಡೋಕೆ ಹಚ್ಚೋ ಹಿಟ್ಟು), ಉಪ್ಪು ಕಾಗದ ತಿಕ್ಕೋದು, ಪ್ರೈಮರ್ (ಬಣ್ಣ ಹಿಡೀಲಿ ಅಂತ ಮೊದ್ಲು ಬಳಿಯೋ ಕೋಟ್), ಇಷ್ಟನ್ನೂ ತಾನಾಗೇ ಬಾಯಿಬಿಟ್ಟು ಹೇಳೋನು ಅರ್ಧ ಪಾಸು. "ಎಲ್ಲಾ ನಾನು ನೋಡ್ಕೊಂತೀನಿ ಬಿಡ್ರಿ" ಅನ್ನೋನನ್ನ ನಾನಂತೂ ಬಿಟ್ಟೇಬಿಡ್ತೀನಿ.

ಇನ್ನರ್ಧ ಪರೀಕ್ಷೆ ಅವನು ಹಿಂದೆ ಮಾಡಿದ ಮನೆ ನೋಡೋದು. ಎಲ್ರೂ ಮೊಬೈಲ್‌ನಾಗೆ ಫೋಟೋ ತೋರಿಸ್ತಾರೆ, ಮೊನ್ನೆ ಮುಗಿಸಿದ ಮನೆಗೆ ಕರ್ಕೊಂಡೂ ಹೋಗ್ತಾರೆ, ಹೊಸ ಪೇಂಟ್ ಯಾರದಾದ್ರೂ ಚೆಂದಾನೇ ಕಾಣುತ್ತೆ. ನೀವು ಎರಡು ವರ್ಷ ಹಳೇದು ತೋರಿಸು ಅನ್ರಿ, ಎರಡು ಮಳೆಗಾಲ ಎರಡು ಬೇಸಿಗೆ ಕಂಡಿರೋದು. ಗಾಂಧಿನಗರದಾಗೋ ಕೌಲ್ ಬಜಾರ್‌ನಾಗೋ ಎಲ್ಲಾದ್ರೂ ಸರಿ, ಹೋಗಿ ಪಡುವಲ ಬಿಸಿಲು ಬೀಳೋ ಗೋಡೆ ಹುಡುಕಿ ಅಂಗೈ ಒತ್ತಿ ಒರೆಸ್ರಿ. ಕೈಗೆ ಸೀಮೆಸುಣ್ಣದಂಗೆ ಪುಡಿ ಹತ್ತಿದ್ರೆ, ಬಹುಶಃ ಒಂದೋ ಅಗ್ಗದ ಪೇಂಟ್ ಹಾಕ್ಯಾನೆ, ಇಲ್ಲಾಂದ್ರೆ ನೀರು ಜಾಸ್ತಿ ಬೆರೆಸ್ಯಾನೆ. ಕಿಟಕಿ ಮೂಲೆ, ಸಜ್ಜಾದ ಕೆಳಗೆ ಬಿರುಕು, ಚಕ್ಕೆ ಎದ್ದೈತಾ ನೋಡ್ರಿ. ಆ ಮನೆಯವರನ್ನ ಒಂದೇ ಪ್ರಶ್ನೆ ಕೇಳ್ರಿ, ಕೆಲಸ ಮುಗಿದ ಮೇಲೆ ಟಚಪ್‌ಗೆ ಕರೆದಾಗ ಬಂದ್ನಾ? ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ.

ಈಗ ಲೆಕ್ಕ, ಜಗಳ ಬಾಳ ಬರೋದು ಇಲ್ಲೇ. ಚದರಡಿ ಮೇಲೆ ರೇಟ್ ಮಾತಾಡಿದ್ರೆ ಬಾಗಿಲು ಕಿಟಕಿ ಕಳೀತಾರೋ ಇಲ್ವೋ ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ರಿ. 10 ಅಡಿಗೆ 12 ಅಡಿ ರೂಮು, ಎತ್ತರ 10 ಅಡಿ ಅಂದ್ರೆ ನಾಲ್ಕು ಗೋಡೆ 440 ಚದರಡಿ, ಮೇಲಿನ ಸೀಲಿಂಗ್ 120, ಒಟ್ಟು 560. ಅದ್ರಾಗೆ 7ಕ್ಕೆ 3ರ ಬಾಗಿಲು 21, 4ಕ್ಕೆ 4ರ ಕಿಟಕಿ 16, ಕಳೆದ್ರೆ 523 ಉಳೀತು. ಒಂದು ರೂಮಿಗೆ 37 ಚದರಡಿ ಏನು ಮಹಾ ಅನ್ಸುತ್ತೆ, ಐದು ರೂಮಿಗೆ 185 ಆಗುತ್ತೆ ನೋಡ್ರಿ. ಕೆಲವು ಮೇಸ್ತ್ರಿಗಳು "ಕಿಟಕಿ ಸುತ್ತ ಅಂಚು ಹೊಡಿಯೋಕೆ ಟೈಮ್ ಹಿಡಿಯುತ್ತೆ, ಅದಕ್ಕೇ ಕಳಿಯಲ್ಲ" ಅಂತಾರೆ, ಅದೂ ನ್ಯಾಯಾನೇ, ಮೊದ್ಲೇ ಹೇಳಿದ್ರೆ ಆಯ್ತು. ಟೇಪ್ ಹಿಡಿಯೋವಾಗ ಇನ್ನೊಂದು ತುದಿ ನಿಮ್ಮ ಕೈಯಾಗೆ ಇರಲಿ.

ಲೇಬರ್ ಮಾತ್ರ ಕೊಡೋದೋ ಮಟೀರಿಯಲ್ ಸಮೇತ ಕೊಡೋದೋ ಅಂತ ಎಲ್ರೂ ಕೇಳ್ತಾರೆ. ನಿಮಗೆ ಅಂಗಡಿಗೆ ಓಡಾಡೋಕೆ ಟೈಮ್ ಇದ್ರೆ ಲೇಬರ್ ಮಾತ್ರ ಕೊಡ್ರಿ, ಮಾಲು ನೀವೇ ತರ್ರಿ, ಏಷ್ಯನ್, ಬರ್ಜರ್, ನೆರೋಲಾಕ್ ಎಲ್ಲಾ ಸಿಗ್ತಾವೆ. ಪುಟ್ಟಿ ಹಚ್ಚಿ ನುಣ್ಣಗಾದ ಒಳಗಿನ ಗೋಡೆಗೆ ಎರಡು ಕೋಟ್ ಸೇರಿ ಲೀಟರ್‌ಗೆ 60 ಚದರಡಿ ಅಂತ ಹಿಡಿದ್ರೆ ಮೇಲೆ ಹೇಳಿದ ರೂಮಿಗೆ 9 ಲೀಟರ್ ಹತ್ರ ಬೇಕಾಗುತ್ತೆ, ಮೇಸ್ತ್ರಿ 20 ಲೀಟರ್ ಬೇಕು ಅಂದ್ರೆ ಯಾಕೆ ಅಂತ ಕೇಳೋಕೆ ಆಗುತ್ತೆ. ಮಟೀರಿಯಲ್ ಸಮೇತ ಕೊಟ್ರೆ ಕಂಪನಿ ಹೆಸರು ಸಾಲಲ್ಲ, ಒಂದೇ ಕಂಪನಿಯಾಗೆ ಅಗ್ಗದ್ದೂ ಇರುತ್ತೆ ದುಬಾರಿದೂ ಇರುತ್ತೆ, ಡಬ್ಬಿ ಮೇಲಿನ ಪೂರ್ತಿ ಹೆಸರು ಬರೆಸ್ಕೊಳ್ರಿ. ಸೀಲ್ ನಿಮ್ಮ ಮುಂದೇನೇ ಒಡೀಲಿ. ಡಬ್ಬಿ ಜೊತೆ ಬರೋ ಟೋಕನ್ ಅಥವಾ ಸ್ಕ್ಯಾನ್ ಪಾಯಿಂಟ್ (ಕಂಪನಿ ಕೊಡೋ ಇನಾಮು) ಪೇಂಟರ್‌ಗೇ ಸೇರೋದು, ಅದರ ಮೇಲೆ ಕಣ್ಣು ಹಾಕಬ್ಯಾಡ್ರಿ. ಆದ್ರೆ ಒಂದೇ ಕಂಪನಿಗೆ ಯಾಕೆ ಜೋತು ಬೀಳ್ತಾನೆ ಅನ್ನೋದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ತಲೇಲಿ ಇರಲಿ.

ಟೈಮಿಂಗ್ ಬಗ್ಗೆ. ದಸರಾ ದೀಪಾವಳಿ ಮುಂದೆ ಎಲ್ರಿಗೂ ಸುಣ್ಣ ಬಣ್ಣದ ನೆನಪಾಗುತ್ತೆ, ಮೇಸ್ತ್ರಿಗಳು ಒಂದೇ ಸಲ ನಾಲ್ಕು ಮನೆ ಹಿಡ್ದು ನಿಮ್ಮ ಮನೆಗೆ ಇಬ್ಬರು ಹುಡುಗರನ್ನ ಬಿಟ್ಟು ಮಾಯ ಆಗ್ತಾರೆ, ಅದೂ ಅಲ್ದೆ ಆಗ ಮಳೆ ಇನ್ನೂ ಪೂರ್ತಿ ಹೋಗಿರಲ್ಲ. ನನ್ನ ಪ್ರಕಾರ ಡಿಸೆಂಬರ್‌ನಿಂದ ಫೆಬ್ರುವರಿ ಚಲೋ. ಏಪ್ರಿಲ್ ಮೇನಾಗೆ 40 ಡಿಗ್ರಿ ದಾಟಿದ ಬಿಸಿಲಿಗೆ ಕಾದ ಗೋಡೆ ಮೇಲೆ ಬ್ರಷ್ ಎಳೆಯೋದ್ರೊಳಗೆ ಪೇಂಟ್ ಒಣಗಿ ಗೆರೆ ಗೆರೆ ಉಳೀತಾವೆ. ಅದೇ ಸೀಸನ್‌ನಾಗೆ ಮಾಡ್ಸಲೇಬೇಕಂದ್ರೆ ಪಡುವಲ ಗೋಡೆ ಬೆಳಿಗ್ಗೆ, ಮೂಡಲ ಗೋಡೆ ಮಧ್ಯಾಹ್ನದ ಮೇಲೆ, ಯಾವಾಗ್ಲೂ ನೆರಳಿನ ಕಡೆ. ಇದು ಮೇಸ್ತ್ರಿಗೆ ಗೊತ್ತೈತೋ ಇಲ್ವೋ ಸುಮ್ನೆ ಕೇಳಿ ನೋಡ್ರಿ. ಹೊಸ ಪ್ಲಾಸ್ಟರ್ ಆದ್ರೆ ಕಡಿಮೆ ಅಂದ್ರೂ 28 ದಿನ ಬಿಡಬೇಕು, ಗೃಹಪ್ರವೇಶದ ಮುಹೂರ್ತ ಹತ್ರ ಬಂತು ಅಂತ ಹಸಿ ಗೋಡೆಗೆ ಬಳಿಸಿದ್ರೆ ಬಿಳಿ ಉಪ್ಪು ಹೊರಗೆ ಬರುತ್ತೆ. ತೇವದ ಅನುಮಾನ ಇದ್ರೆ ಒಂದು ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಒಂದು ದಿನ ಅಂಟಿಸ್ರಿ, ಒಳಗೆ ಬೆವರು ಕಟ್ಟಿದ್ರೆ ಕೆಲಸ ನಿಲ್ಲಿಸ್ರಿ, ಮೊದ್ಲು ನೀರು ಎಲ್ಲಿಂದ ಬರ್ತೈತೆ ಹುಡುಕ್ರಿ.

ಹಳೇ ಮನೆ ಆದ್ರೆ ಬಾಗಿಲು, ಗ್ರಿಲ್‌ನ ಹಳೇ ಆಯಿಲ್ ಪೇಂಟ್‌ನಾಗೆ ಸೀಸ (ಲೆಡ್ ಅನ್ನೋ ವಿಷದ ಲೋಹ) ಇರೋ ಸಾಧ್ಯತೆ ಐತೆ. ಪೇಂಟ್‌ನಾಗೆ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ದಾಟಬಾರದು ಅನ್ನೋ ರೂಲ್ ಬಂದಿದ್ದೇ 2016ರಲ್ಲಿ, ಜಾರಿ ಆಗಿದ್ದು 2017ರ ನವೆಂಬರ್‌ಗೆ. ಆ ಹಳೇ ಪೇಂಟ್‌ನ ಒಣಗಿದ್ದಂಗೇ ತಿಕ್ಕೋಕೆ ಬಿಡಬ್ಯಾಡ್ರಿ, ನೀರು ಹಚ್ಚಿ ತಿಕ್ಕಲಿ, ಮಕ್ಕಳು ಬಸುರಿ ಹೆಂಗಸ್ರು ಆ ಕಡೆ ಸುಳೀಬಾರದು.

ದುಡ್ಡು ಒಂದೇ ಸಲ ಕೊಡಬ್ಯಾಡ್ರಿ. ನಾನು ಎರಡನೇ ಸಲ ಮಾಡಿದ್ದು ಹಿಂಗೆ: ಶುರುವಿಗೆ ಹತ್ತರಲ್ಲಿ ಎರಡು ಭಾಗ, ಪುಟ್ಟಿ ತಿಕ್ಕಿ ಮುಗಿದ ಮೇಲೆ ಮೂರು, ಮೊದಲ ಕೋಟ್ ಆದ ಮೇಲೆ ಮೂರು, ಕಡೆಯ ಎರಡು ಭಾಗ ಟಚಪ್ ಮುಗಿದು ನೆಲ, ಸ್ವಿಚ್ ಬೋರ್ಡ್ ಮೇಲಿನ ಹನಿ ಎಲ್ಲಾ ಒರೆಸಿಕೊಟ್ಟ ಮೇಲೆ. ಒಂದು ಹಾಳೆ ಮೇಲೆ ಬರೆದು ಇಬ್ರೂ ಸೈನ್ ಮಾಡಿ ವಾಟ್ಸಾಪ್‌ನಾಗೆ ಫೋಟೋ ಹಾಕ್ಕೊಂಡ್ವಿ. ಪುಟ್ಟಿ ದುಡ್ಡು ಕೊಡೋಕಿಂತ ಮುಂಚೆ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್‌ನ ಗೋಡೆಗೆ ಅಂಟಿಸಿದಂಗೆ ಅಡ್ಡ ಹಿಡೀರಿ, ಹಗಲು ಕಾಣದ ಉಬ್ಬು ತಗ್ಗು ಎಲ್ಲಾ ನೆರಳು ಬಿಟ್ಕೊಂಡು ಎದ್ದು ನಿಲ್ತಾವೆ. ಪೆನ್ಸಿಲ್‌ನಿಂದ ಸುತ್ತು ಹಾಕಿಟ್ರೆ ಬೆಳಿಗ್ಗೆ ಬಂದು ತಾವೇ ಸರಿ ಮಾಡ್ತಾರೆ, ಮಾತೇ ಬೇಕಾಗಲ್ಲ. ಹಂಗಂತ ದಿನವಿಡೀ ತಲೆ ಮೇಲೆ ಕೂತು ಕೊಸರಾಡಬ್ಯಾಡ್ರಿ, ಹನ್ನೊಂದಕ್ಕೆ ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ, ಚಾ ಕೊಟ್ರೆ ಮೂಲೆ ಮೂಲೆಗೂ ಬ್ರಷ್ ಹೋಗುತ್ತೆ, ಇದು ನಾನು ಕಂಡಿದ್ದು. ಎರಡನೇ ಮಹಡಿ ಮೇಲಿನ ಹೊರಗಡೆ ಕೆಲಸ ಇದ್ರೆ ಹಗ್ಗ, ಬೆಲ್ಟ್ ಐತಾ ಅಂತ ಖಂಡಿತ ಕೇಳ್ರಿ, ಏಣಿಗೆ ಏಣಿ ಕಟ್ಟಿ ಹತ್ತೋರನ್ನ ಹತ್ತೋಕೇ ಬಿಡಬ್ಯಾಡ್ರಿ.

ಮುಗಿದ ಮೇಲೆ ಅರ್ಧ ಲೀಟರ್ ಆದ್ರೂ ಉಳಿಸಿ ಬಿಗಿಯಾಗಿ ಮುಚ್ಚಿಡ್ರಿ, ಶೇಡ್ ನಂಬರ್ ಮೀಟರ್ ಬಾಕ್ಸ್ ಒಳಗೆ ಬರೆದಿಡ್ರಿ. ಖಾಲಿ 20 ಲೀಟರ್ ಬಕೆಟ್ ಯಾರಿಗೆ ಅನ್ನೋದನ್ನೂ ಶುರುವಿಗೇ ಹೇಳ್ಕೊಳ್ರಿ, ನಗಬ್ಯಾಡ್ರಿ, ನಮ್ಮನೇಲಿ ಚದರಡಿ ಲೆಕ್ಕ ಐದು ನಿಮಿಷಕ್ಕೆ ಮುಗೀತು, ಎರಡು ಬಕೆಟ್‌ಗೆ ನಮ್ಮವ್ವ ಮತ್ತೆ ಮೇಸ್ತ್ರಿ ಅರ್ಧ ಗಂಟೆ ವಾದ ಮಾಡಿ ಒಂದೊಂದು ಹಂಚ್ಕೊಂಡ್ರು.