ರಮ್ ಹಾರಿದ ಮೇಲೆ ಉಳಿದ ಸೊಪ್ಪು

ಹಗ್ಗ ಬಂದದ್ದು ಶುಕ್ರವಾರ ಸಂಜೆ. ಹೆಬ್ಬೆರಳಿನ ದಪ್ಪ, ಇದ್ದಿಲಿನ ಕಪ್ಪು, ಮುಟ್ಟಿದರೆ ಎಣ್ಣೆ ಸವರಿದ ಹುರಿಯ ಹಾಗೆ ಬೆರಳಿಗೆ ಅಂಟುವ, ರಮ್ ಹಾಕಿದ ಪೈಪ್ ತಂಬಾಕು. ಕಾಗದ ಬಿಚ್ಚಿದ್ದೇ ತಡ, ಲ್ಯಾಂಕಾಸ್ಟರ್‌ನ ನಮ್ಮ ಪುಟ್ಟ ಅಡುಗೆಮನೆ ಆಲೆಮನೆಯಾಯಿತು. ಕಾಕಂಬಿ, ಹಳೆಯ ಮರದ ಪೀಪಾಯಿ, ಅದರ ಹಿಂದೆಯೇ ಸೌದೆ ಒಲೆಯ ಹೊಗೆ. ಹೆಂಡತಿ ಕಿಟಕಿ ತೆರೆದು, "ರೀ, ಮೊದಲು ಅದನ್ನ ಶೆಡ್ಡಿಗೆ ತಗೊಂಡು ಹೋಗಿ" ಅಂದಳು.

ಈ ಜಾತಿಯ ತಂಬಾಕನ್ನು ಇಲ್ಲಿ ಟ್ವಿಸ್ಟ್ ಅಂತಲೂ ರೋಪ್ ಅಂತಲೂ ಕರೆಯುತ್ತಾರೆ. ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಕಡು ಎಲೆಯನ್ನು ಹಗ್ಗ ಹೊಸೆದಂತೆ ಹೊಸೆದು, ಬಿಸಿ ಕೊಟ್ಟು, ಒತ್ತಿ ಕಪ್ಪಗೆ ಮಾಡಿದ್ದು. ಇಂಗ್ಲೆಂಡಿನ ಈ ಭಾಗಕ್ಕೆ ಇದು ಹೊಸದಲ್ಲ. ಇಲ್ಲಿಂದ ಉತ್ತರಕ್ಕಿರುವ ಕೆಂಡಾಲ್ ಊರಿನಲ್ಲಿ ನಶ್ಯದ ಕಸುಬು 1792ರಲ್ಲೇ ಶುರುವಾಯಿತು. ಲ್ಯಾಂಕಾಶೈರ್‌ನ ಕಲ್ಲಿದ್ದಲು ಗಣಿಯವರು ಟ್ವಿಸ್ಟನ್ನು ಜಗಿಯುತ್ತಿದ್ದರು, ಏಕೆಂದರೆ ಗಣಿಯೊಳಗೆ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ರಮ್ಮಿನ ನಂಟು ಬಂದದ್ದು ಹಡಗಿನಿಂದ. ನಾವಿಕರು ತಮ್ಮ ಪಾಲಿನ ಎಲೆಗೆ ರಮ್ ಚಿಮುಕಿಸಿ, ಕ್ಯಾನ್ವಾಸ್ ಸುತ್ತಿ, ಹುರಿಯಿಂದ ಬಿಗಿದು ಕಟ್ಟಿ ಹದವಾಗಲು ಬಿಡುತ್ತಿದ್ದರು. ಬ್ರಿಟಿಷ್ ನೌಕಾಪಡೆಯಲ್ಲಿ ದಿನದ ರಮ್ ಪಡಿ 1970ರ ಜುಲೈ 31ಕ್ಕೆ ನಿಂತುಹೋಯಿತು. ತಂಬಾಕಿನಲ್ಲಿ ಮಾತ್ರ ಆ ರುಚಿಯ ಬಯಕೆ ಇನ್ನೂ ಇದೆ.

ಮೊದಲ ದಿನವೇ ತಪ್ಪು ಮಾಡಿದೆ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ದೊಡ್ಡ ಬ್ರಯರ್ ಮರದ ಪೈಪಿಗೆ ತುಂಬಾ ತುಂಬಿ ಹಚ್ಚಿದೆ. ರಮ್ಮಿನ ಸಿಹಿಗೆ ಮನಸೋತು ಬೇಗಬೇಗ ಎಳೆದೆ. ಹತ್ತು ನಿಮಿಷಕ್ಕೆ ಬಿಕ್ಕಳಿಕೆ ಹಿಡಿಯಿತು, ಹಣೆಯ ಮೇಲೆ ತಣ್ಣನೆಯ ಬೆವರು, ಹೊಟ್ಟೆ ತೊಳೆಸಿತು. ಪೈಪ್ ಕೆಳಗಿಟ್ಟು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ನೀರು ಕುಡಿದು ಶೆಡ್ಡಿನ ಗೋಡೆಗೊರಗಿ ಕೂತೆ. ಆಮೇಲೆ ತಂಬಾಕಿನ ರುಚಿ ಬರೆದಿಡುವ ಪುಸ್ತಕದಲ್ಲಿ "ವಿಪರೀತ ಕಡು, ಕಹಿ" ಎಂದು ಬರೆದೆ. ಬೆಳಗ್ಗೆ ಎದ್ದು ಅದನ್ನು ಹೊಡೆದುಹಾಕಿದೆ. ನಿಕೋಟಿನ್ ತಲೆಗೇರಿದ ಮೇಲೆ ನಾಲಿಗೆಯ ಸಾಕ್ಷಿಯನ್ನು ನಂಬಬಾರದು.

ಆ ತಲೆಸುತ್ತು ನನಗೆ ಚಿಕ್ಕಂದಿನಿಂದ ಪರಿಚಯ. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಮನೆತುಂಬ ಹೊಗೆಸೊಪ್ಪು. ಆಷಾಢದ ಮಳೆಯಲ್ಲಿ ನೆಂದ ಸೊಪ್ಪು ಮುರಿದು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದೆವು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ ಎಂದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾಂತಿಯಾದರೆ ಅವ್ವ, "ಸೊಪ್ಪಿನ ಅಮಲು, ಮಲಿಕೊ" ಅನ್ನುತ್ತಿದ್ದಳು. ಹಾಗಾಗಿ ತಂಬಾಕಿನ ಕಡುತನ ಎಂದರೆ ನನಗೆ ಮೊದಲು ನೆನಪಾಗುವುದು ಹಸಿ ಎಲೆಯ ಅಂಟು.

ಸೊಪ್ಪು ನೋಡುವುದನ್ನು ಕಲಿಸಿದ್ದು ಅಪ್ಪ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ನಮ್ಮ ಕಡೆ ಶುರುವಾದ ಮೇಲೆ ಗ್ರೇಡ್ ಮಾಡುವುದೇ ದೊಡ್ಡ ಕೆಲಸವಾಯಿತು. ಬೇಲ್ ಕಟ್ಟುವ ಮುಂಚೆ ಅಪ್ಪ ಒಂದೊಂದೇ ಎಲೆ ಹಿಡಿದು, "ಬಣ್ಣಕ್ಕೆ ಮೋಸ ಹೋಗ್ಬ್ಯಾಡ ಕಣ್ಲಾ. ಹಿಂಡಿ ನೋಡು, ಮೂಸಿ ನೋಡು, ಆಮ್ಯಾಕೆ ಮಾತಾಡು" ಅನ್ನೋರು. ರಮ್ ಹಾಕಿದ ತಂಬಾಕಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬಣ್ಣದ ಜೊತೆ ಇಲ್ಲಿ ವಾಸನೆಯೂ ಮೋಸ ಮಾಡಬಲ್ಲದು.

ನಮ್ಮ ಸೊಪ್ಪಿಗೂ ಈ ಹಗ್ಗದ ಸೊಪ್ಪಿಗೂ ಬಹಳ ಅಂತರವಿದೆ. ಸೊಪ್ಪು ಒಣಗಿಸುವ ನಮ್ಮ ಬ್ಯಾರನ್‌ನಲ್ಲಿ ಬೆಂಕಿಯ ಶಾಖ ಕೊಳವೆಯೊಳಗೆ ಹರಿಯುತ್ತದೆ, ಹೊಗೆ ಎಲೆಗೆ ತಾಕುವುದಿಲ್ಲ. ಎಲೆ ಹಳದಿಯಾಗಿ, ದಂಟು ಒಣಗುವ ಹೊತ್ತಿಗೆ ಶಾಖ 70 ಡಿಗ್ರಿಯ ಹತ್ತಿರ ಹೋಗುತ್ತದೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಸೇದಿದರೆ ಹೊಗೆ ತುಸು ಹುಳಿ ಗುಣದ್ದು. ಕಟ್ಟಿಗೆಯ ಹೊಗೆ ಕುಡಿದ ಎಲೆಯಲ್ಲಿ ಸಕ್ಕರೆ ಹೆಚ್ಚುಕಡಿಮೆ ಹೋಗಿಬಿಟ್ಟಿರುತ್ತದೆ. ಅದರ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ, ಆ ಗುಣದಿಂದಾಗಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಹೊಗೆ ನುಂಗದೆಯೂ ಶುಕ್ರವಾರ ನನಗೆ ಹೊಡೆತ ಬಿದ್ದದ್ದು ಹೀಗೆ.

ಶನಿವಾರ ಮೊದಲಿಂದ ಶುರುಮಾಡಿದೆ. ಹರಿತವಾದ ಚಾಕುವಿನಲ್ಲಿ ಹಗ್ಗವನ್ನು ಕಾಗದದಷ್ಟು ತೆಳ್ಳಗೆ ಬಿಲ್ಲೆ ಕತ್ತರಿಸಿ, ಅಂಗೈಯಲ್ಲಿ ಉಜ್ಜಿ ಬಿಡಿಸಿ, ರಮ್ ಹಾರುತ್ತಾ ಹೋದಂತೆ ಎಲೆಯ ರುಚಿ ತಿಳಿಯಲಿ ಎಂದು ಮೂರು ಪಾಲು ಮಾಡಿದೆ. ಒಂದನ್ನು ಅರ್ಧ ಗಂಟೆ ಆರಲು ಬಿಟ್ಟು ಅಂದೇ ಸೇದಲು, ಇನ್ನೊಂದನ್ನು ತಟ್ಟೆಯಲ್ಲಿ ಹರಡಿ ಮೂರನೆಯ ದಿನಕ್ಕೆ, ಕೊನೆಯದನ್ನು ಎಂಟನೆಯ ದಿನಕ್ಕೆ. ಬ್ರಯರ್ ಬದಲು ಮಣ್ಣಿನ ಪೈಪ್ ತೆಗೆದುಕೊಂಡೆ, ನಮ್ಮ ಚಿಲುಮೆಯ ದೂರದ ನೆಂಟ ಅದು. ಬ್ರಯರ್ ಮರ ಹಿಂದೆ ಸೇದಿದ ತಂಬಾಕನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ, ಮಣ್ಣು ತನ್ನದೇನನ್ನೂ ಬೆರೆಸುವುದಿಲ್ಲ. ಬಟ್ಟಲು ಚಿಕ್ಕದು. ಹೊಟ್ಟೆ ತುಂಬ ಊಟ ಮಾಡಿದ ಮೇಲೆ, ಪಕ್ಕದಲ್ಲಿ ಸಕ್ಕರೆ ಹಾಕದ ಕಪ್ಪು ಟೀ. ಅರ್ಧ ನಿಮಿಷಕ್ಕೊಂದು ಎಳೆತ, ಅದಕ್ಕಿಂತ ಹೆಚ್ಚಿಲ್ಲ. ನಡುನಡುವೆ ಒಂದಿಷ್ಟು ಹೊಗೆಯನ್ನು ಮೂಗಿನಿಂದ ಬಿಡುವುದು.

ಆ ದಿನ ಬಟ್ಟಲಿನ ಮೇಲ್ಭಾಗವೆಲ್ಲ ರಮ್ಮೇ. ಹಾಗೆಂದು ಬಾಯಿಗೆ ಮದ್ಯ ಸಿಗುತ್ತದೆ ಅಂದುಕೊಳ್ಳಬೇಡಿ. ಮದ್ಯಸಾರ 78 ಡಿಗ್ರಿಗೆ ಕುದಿದು ಹೋಗುವ ವಸ್ತು, ಕೆಂಡದ ಮುಂದೆ ನಿಲ್ಲುವುದಿಲ್ಲ. ನಮಗೆ ಸಿಗುವುದು ರಮ್ ಬಿಟ್ಟುಹೋದ ಪರಿಮಳ. ಕಾಕಂಬಿ, ಒಣದ್ರಾಕ್ಷಿ, ಪೀಪಾಯಿಯ ಮರ. ಮಧ್ಯಕ್ಕೆ ಬಂದಾಗ ಅದು ಹಿಂದೆ ಸರಿದು ಚರ್ಮದ ಜೋಡಿನ ವಾಸನೆ ಬಂತು. ತಳದಲ್ಲಿ ಸ್ವಲ್ಪ ಕಹಿ. ಬಿಲ್ಲೆಯ ನಡುಭಾಗವನ್ನು ನಾನು ಪೂರ್ತಿ ಬಿಡಿಸಿರಲಿಲ್ಲ, ಅಲ್ಲಿ ತೇವ ಉಳಿದಿತ್ತು.

ಮೂರನೆಯ ದಿನದ ಬಟ್ಟಲಿಗಾಗಿಯೇ ನಾನು ಕಾಯುತ್ತಿದ್ದೆ. ಹೊಸೆದ ಮೇಲೆ ಕೊನೆಗೆ ಸಿಂಪಡಿಸಿದ ಪರಿಮಳವಾಗಿದ್ದರೆ ತಟ್ಟೆಯ ಮೇಲೆಯೇ ಹಾರಿಹೋಗುತ್ತದೆ. ಹೊಸೆಯುವ ಮುಂಚೆ ಎಲೆಗೆ ಕುಡಿಸಿದ್ದಾದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ಎರಡೂ ಇತ್ತು. ಮೂಗಿಗೆ ಮೊದಲು ಹೊಡೆಯುತ್ತಿದ್ದ ಮಿಠಾಯಿಯಂಥ ಸಿಹಿ ಹೋಗಿತ್ತು, ಒಣದ್ರಾಕ್ಷಿ ಉಳಿದಿತ್ತು. ನನ್ನ ಮಟ್ಟಿಗೆ ಆ ಮೇಲಿನ ಸಿಂಪಡಣೆ ಬೇಡವಾಗಿತ್ತು.

ಎಂಟನೆಯ ದಿನದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ತೀರಾ ಒಣಗಿದ್ದರಿಂದ ಹಿಂದಿನ ರಾತ್ರಿ ಒದ್ದೆ ಬಟ್ಟೆ ಮುಚ್ಚಿ ಹದಕ್ಕೆ ತಂದಿದ್ದೆ, ಊರಿನಲ್ಲಿ ಗ್ರೇಡ್ ಮಾಡುವ ಮುಂಚೆ ಸೊಪ್ಪಿಗೆ ಹದ ಬರಿಸುತ್ತಿದ್ದ ಹಾಗೆ. ಹುರಿದ ರಾಗಿಯ ಘಮ, ಸೌದೆಯ ಹೊಗೆ, ಎಲ್ಲೋ ಆಳದಲ್ಲಿ ಮಾತ್ರ ರಮ್. ಕಡುತನ ಅಷ್ಟೇ ಇತ್ತು, ಆದರೆ ಈಗ ಅದರ ಹಿಂದೆ ಏನಿದೆ ಎಂದು ಕಾಣುತ್ತಿತ್ತು. ಬೂದಿ ತಿಳಿಯಾಗಿ, ತಳ ಒಣಗಿ ಬಂತು. ಒಳ್ಳೆಯ ಎಲೆ ಎಂದು ಬರೆದೆ.

ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ಪೈಪ್ ಮುಟ್ಟಲಿಲ್ಲ. ಹೊಗೆ ನುಂಗದಿದ್ದರೂ ಪೈಪಿನಿಂದ ಬಾಯಿಗೆ, ಗಂಟಲಿಗೆ ಕ್ಯಾನ್ಸರ್ ಬರುತ್ತದೆ. ಅದನ್ನು ತಿಳಿದೇ ಸೇದುವವನು ನಾನು, ಯಾರಿಗೂ ಶುರುಮಾಡಿ ಎನ್ನಲಾರೆ.

ಭಾನುವಾರ ಅಪ್ಪನಿಗೆ ಫೋನ್ ಮಾಡಿ ರಮ್ಮು, ದ್ರಾಕ್ಷಿ, ಪೀಪಾಯಿ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಕೈಯಲ್ಲಿ ಉಜ್ಜಿದ್ರೆ ಎಳೆ ಬತ್ತದಾ, ಪುಡಿಯಾಯ್ತದಾ?" ಅಂದರು. ಫೋನ್ ಹಿಡಿದುಕೊಂಡೇ ಶೆಡ್ಡಿಗೆ ಹೋಗಿ ಉಳಿದಿದ್ದ ಬಿಲ್ಲೆಯೊಂದನ್ನು ಉಜ್ಜಿದೆ. ಉದ್ದುದ್ದ ಎಳೆ ಬಿಚ್ಚಿಕೊಂಡಿತು. ಹೇಳಿದೆ.

"ಹಂಗಾದ್ರೆ ಸೊಪ್ಪು ಚೆನ್ನಾಗದೆ" ಅಂದರು.