ಎರಡನೆಯ ಸುತ್ತಿನ ಬೋರ್ಡೋಗೆ ಹೊಳವು ಹುಡುಕಿದ್ದು: ಇರುವೆ, ತುಡುವೆ ಜೇನು, ಜೇಡ ಮತ್ತು ನನ್ನ ಅನುಭವ

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಮೊದಲ ಸುತ್ತನ್ನು ರೋಹಿಣಿ ಮಳೆಯ ಹೊತ್ತಿಗೆ ಹೇಗೋ ಮುಗಿಸಬಹುದು. ಎರಡನೆಯ ಸುತ್ತು ಬರುವುದು ಪುನರ್ವಸು, ಪುಷ್ಯ ಮಳೆಗಳ ನಡುವೆ. ಆಗ ನಮ್ಮ ಸಿದ್ದಾಪುರದ ಕಡೆ ಅರ್ಧ ದಿನದ ಹೊಳವು, ಎಂದರೆ ಮಳೆಯ ಬಿಡುವು, ಸಿಗುವುದೇ ದುರ್ಲಭ. ಆ ಅರ್ಧ ದಿನವನ್ನು ತೋಟದ ಜೀವಿಗಳನ್ನು ನೋಡಿ ಮೊದಲೇ ಗುರುತಿಸಬಹುದು ಎಂದು ನಾನು ಹೇಳಿದಾಗ ಊರಿನಲ್ಲಿ ಯಾರೂ ನಂಬಲಿಲ್ಲ. "ಹೆಗಡೇರೇ, ಇರುವೆ ಹತ್ರ ಕೇಳ್ಕಂಡು ಮರ ಹತ್ತುದಾ?" ಎಂದು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ತಂಡದ ಹಿರಿಯರು ಕೇಳಿದ್ದರು. ಈಗ ಜುಲೈ ಬಂತೆಂದರೆ ಪಕ್ಕದ ಕೇರಿಯವರ ತೋಟಕ್ಕೆ ಹೊರಡುವ ಮೊದಲು ಅವರೇ ನನಗೆ ಫೋನ್ ಮಾಡಿ ವಿಚಾರಿಸುತ್ತಾರೆ.

ಹಣದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಾನು ಇದಕ್ಕೆ ಕೈ ಹಾಕಿದ್ದೇ ಅದರಿಂದ. ಎರಡು ಎಕರೆಗೆ ಒಂದು ಸುತ್ತು ಹೊಡೆಸಲು ಮೈಲುತುತ್ತ, ಸುಣ್ಣ, ಕೊನೆಗೌಡರ ಕೂಲಿ ಎಲ್ಲ ಸೇರಿ ಸುಮಾರು ಹದಿನೈದು ಸಾವಿರ ರೂಪಾಯಿ ಬೇಕಾಗುತ್ತದೆ. ಕಲಸಿದ ದ್ರಾವಣವನ್ನು ಆ ದಿನವೇ ಬಳಸಬೇಕು; ಡ್ರಮ್ಮಿಗೆ ಸುರಿದ ಮೇಲೆ ಮಳೆ ಹಿಡಿದರೆ ಅದು ಬಸಿಗಾಲುವೆಯ ಪಾಲು. ಅಡಿಕೆಯ ಕೊನೆಯ (ಗೊಂಚಲಿನ) ಮೇಲೆ ಔಷಧಿ ಒಣಗುವ ಮೊದಲೇ ಮಳೆ ಹೊಡೆದರೂ ಹಣ ನೀರಿನಲ್ಲಿ ಹೋದಂತೆಯೇ. ಹೀಗೆ ಎರಡನೆಯ ಸುತ್ತು ತೊಳೆದುಹೋದ ಒಂದು ವರ್ಷ ಕೊಳೆ ಹಿಡಿದು ಮೂರನೆಯ ಒಂದು ಭಾಗದಷ್ಟು ಫಸಲು ಉದುರಿತು. ಐದು ಕ್ವಿಂಟಲ್ ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಎಂದು ಹಿಡಿದರೂ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೋಲ್ಮನ್ ಸಾಹೇಬರ ಕಾಲದಿಂದ, ಎಂದರೆ ನೂರು ವರ್ಷಕ್ಕೂ ಹೆಚ್ಚಿನಿಂದ, ಔಷಧಿ ಅದೇ ಇದೆ. ಹೊಳವಿನ ಚಿಂತೆಯೂ ಅದೇ ಇದೆ. ಮೊಬೈಲಿನ ಮುನ್ಸೂಚನೆ ಇಡೀ ಹೋಬಳಿಗೆ ಒಂದೇ ಮಾತು ಹೇಳುತ್ತದೆ, ಆದರೆ ನಮ್ಮ ಗುಡ್ಡದ ಈಚೆಗೊಂದು ಮಳೆ, ಆಚೆಗೊಂದು ಮಳೆ.

ಹಿರಿಯರಿಂದ ಕೇಳಿದ ಗುರುತುಗಳನ್ನೆಲ್ಲ ಪುಸ್ತಕದಲ್ಲಿ ಬರೆದು, ಅಂಗಳದ ಮಳೆಮಾಪಕದ ಅಂಕಿಯೊಡನೆ ತಾಳೆ ನೋಡುತ್ತ ಹೋದೆ. ಹೆಚ್ಚಿನವು ಉಳಿಯಲಿಲ್ಲ. ಗೆದ್ದಲಿನ ರೆಕ್ಕೆಹುಳ ಎದ್ದರೆ ಮುಂಗಾರು ಬಂತು ಎನ್ನುತ್ತಾರೆ. 2023ರಲ್ಲಿ ಮೇ ತಿಂಗಳ ಅಡ್ಡಮಳೆಗೇ ಹುಳ ಎದ್ದಿತು, ಆದರೆ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೆ ಕೇರಳಕ್ಕೆ ಬಂದಿತು. ಹುಳಕ್ಕೆ ಬೇಕಾದದ್ದು ನೆನೆದ ಮಣ್ಣು ಮತ್ತು ಗಾಳಿಯಿಲ್ಲದ ಸಂಜೆ, ತಾರೀಖಲ್ಲ. ಚಾತಕ ಪಕ್ಷಿ ಬಂದರೆ ಮಳೆ ಬಂತು ಎಂಬ ಮಾತು ಉತ್ತರ ಭಾರತಕ್ಕೆ ಸರಿ, ಅಲ್ಲಿಗೆ ಅದು ಆಫ್ರಿಕದ ಕಡೆಯಿಂದ ಮುಂಗಾರಿನ ಜೊತೆಗೇ ಬರುತ್ತದೆ. ದಕ್ಷಿಣದಲ್ಲಿ ವರ್ಷವಿಡೀ ಇಲ್ಲಿಯೇ ನೆಲೆಸಿರುವ ಚಾತಕಗಳೂ ಇರುವುದರಿಂದ ನಮಗೆ ಅದರಿಂದ ಉಪಯೋಗವಿಲ್ಲ. ಕಪ್ಪೆಯಂತೂ ಜುಲೈಯಲ್ಲಿ ಪ್ರತಿ ರಾತ್ರಿ ಕೂಗುತ್ತದೆ, ಮತ್ತು ಪ್ರತಿದಿನ ಕಾಣುವ ಗುರುತು ನಾಳೆಯ ಬಗ್ಗೆ ಏನನ್ನೂ ಹೇಳಲಾರದು.

ನಡುವೆ ಇಂಬಳದ, ಎಂದರೆ ನೆಲದ ಜಿಗಣೆಯ, ಪ್ರಯೋಗವನ್ನೂ ಮಾಡಿದೆ. ಇಂಗ್ಲೆಂಡಿನ ವಿಟ್ಬಿ ಊರಿನ ವೈದ್ಯ ಜಾರ್ಜ್ ಮೆರಿವೆದರ್ ಎಂಬವರು ಹನ್ನೆರಡು ಬಾಟಲಿಗಳಲ್ಲಿ ಹನ್ನೆರಡು ಜಿಗಣೆಗಳನ್ನಿಟ್ಟು, ಬಿರುಗಾಳಿಗೆ ಮೊದಲು ಅವು ಮೇಲೇರಿದರೆ ಗಂಟೆ ಬಾರಿಸುವ ಯಂತ್ರವೊಂದನ್ನು ಮಾಡಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟಿದ್ದರು. ಅವರದು ನೀರಿನ ಜಿಗಣೆ. ನಾನು ತೋಟದ ಇಂಬಳಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಒಂದು ಮಳೆಗಾಲವಿಡೀ ನೋಡಿದೆ. ಮನುಷ್ಯರ ಉಸಿರು ತಾಕಿದರೆ ಸಾಕು, ಮಳೆಯಿರಲಿ ಬಿಸಿಲಿರಲಿ, ಅವು ಮುಚ್ಚಳದವರೆಗೆ ಏರುತ್ತಿದ್ದವು. ಆ ಕೆಲಸವನ್ನು ಅಲ್ಲಿಗೇ ಬಿಟ್ಟೆ.

ಇಷ್ಟರಿಂದ ನನಗೆ ಖಚಿತವಾದದ್ದೆಂದರೆ, ಪ್ರಾಣಿಗಳಿಂದ ಇಡೀ ಮಳೆಗಾಲದ ಭವಿಷ್ಯ ಕೇಳಬಾರದು, ಮುಂದಿನ ಅರ್ಧ ದಿನವನ್ನು ಮಾತ್ರ ಕೇಳಬೇಕು. ಅದರಲ್ಲಿಯೂ ಮಳೆ ಬರುವ ಗುರುತಿಗಿಂತ ಬಿಡುವ ಗುರುತನ್ನು ಹುಡುಕಬೇಕು. ಹಿಂದಿನ ಸಂಜೆ ಜೇಡದಿಂದ ಆರಂಭಿಸುತ್ತೇನೆ. ಬೇಲಿಯ ಸಾಲಿನಲ್ಲಿ ಜೇಡಗಳು ಹರಿದ ಬಲೆಯಲ್ಲಿಯೇ ಮುದುಡಿ ಕುಳಿತಿದ್ದರೆ ಆ ದಿನ ನಾನು ಯಾರಿಗೂ ಫೋನ್ ಮಾಡುವುದಿಲ್ಲ. ಹೊಸದಾಗಿ ಸುತ್ತು ಎಳೆಯಲು ತೊಡಗಿದ್ದರೆ ಕೊನೆಗೌಡರಿಗೆ ಬರಹೇಳುತ್ತೇನೆ. ಬೆಳಿಗ್ಗೆ ಮೈಲುತುತ್ತ ಕರಗಿಸುವ ಮೊದಲು ಧರೆಯ (ತೋಟದಂಚಿನ ಎತ್ತರದ ಮಣ್ಣುಗೋಡೆಯ) ಮೇಲಿನ ಇರುವೆಗೂಡುಗಳಿಗೆ ಹೋಗುತ್ತೇನೆ. ಅವು ಒಳಗಿನ ಮಣ್ಣಿನ ಕಾಳು ಹೊತ್ತು ತಂದು ಗೂಡಿನ ಬಾಯಿಯ ಸುತ್ತ ಕಟ್ಟೆ ಹಾಕುತ್ತಿದ್ದರೆ ಒಳ್ಳೆಯದು, ಮೊಟ್ಟೆ ಕಚ್ಚಿಕೊಂಡು ಮೇಲಕ್ಕೆ ಸಾಗುತ್ತಿದ್ದರೆ ಆ ದಿನ ಬೇಡ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇರುವೆ ಮೊಟ್ಟೆ ಸಾಗಿಸುವುದನ್ನು ಮಳೆಯ ಗುರುತೆಂದು ಹೇಳುವಾಗ, ಯಾವ ತೊಂದರೆಯೂ ಇಲ್ಲದೆ ಸಾಗಿಸಿದರೆ ಮಾತ್ರ ಎಂದು ಸೇರಿಸಿದ್ದಾನೆ. ಹಾರೆ ತಾಗಿದ, ಬಸಿಗಾಲುವೆಯ ನೀರು ನುಗ್ಗಿದ ಗೂಡನ್ನು ನಾನು ಲೆಕ್ಕಕ್ಕೆ ಹಿಡಿಯದಿರುವುದು ಅದನ್ನು ಓದಿದ ಮೇಲೆಯೇ, ಮತ್ತು ಅಲ್ಲಿಂದಾಚೆಗೆ ಪುಸ್ತಕದ ತಾಳೆ ಎದ್ದು ಕಾಣುವಷ್ಟು ಸುಧಾರಿಸಿತು. ಕೊನೆಗೆ ತುಡುವೆ ಪೆಟ್ಟಿಗೆ. ಮೋಡ ಕವಿದಿದ್ದರೂ ಎಂಟು ಗಂಟೆಯೊಳಗೆ ಹುಳುಗಳು ತೆಂಗಿನ ಹೂವಿನ ಪರಾಗ ಹೊತ್ತು ಬಂದು ಮತ್ತೆ ಹೊರಡುತ್ತಿದ್ದರೆ ಸುಣ್ಣ ಕಲಸಬಹುದು. ಬಂದವು ಹೊರಡದೆ ಬಾಗಿಲಲ್ಲಿ ಗುಂಪಾದರೆ ಕೊನೆಗೌಡರಿಗೆ ಬೇರೆ ಕೆಲಸ ಹೇಳಿ ಅರ್ಧ ಕೂಲಿಯನ್ನಾದರೂ ಉಳಿಸಿಕೊಳ್ಳುತ್ತೇನೆ.

ಮೂರರಲ್ಲಿ ಯಾವುದೇ ಒಂದನ್ನು ನಂಬಿದರೆ ಅರ್ಧಕ್ಕರ್ಧ ತಪ್ಪುತ್ತದೆ. ಮೂರೂ ಕೂಡಿದ ದಿನ ಹತ್ತಕ್ಕೆ ಎಂಟು ಸಲವಾದರೂ ಮಧ್ಯಾಹ್ನ ದಾಟುವವರೆಗೆ ಹೊಳವು ಸಿಕ್ಕಿದೆ, ಔಷಧಿ ಹಿಡಿಯಲು ಅಷ್ಟು ಸಾಕು. ಮೂರೂ ಕೂಡದಿದ್ದಾಗ ನಿರ್ಧರಿಸಲು ಮರದ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯ ಕೊಟ್ಟೆಯೊಂದನ್ನು, ಎಂದರೆ ಎಲೆಗೂಡೊಂದನ್ನು, ನೋಡುತ್ತೇನೆ; ಯಾವ ಮರದ ಕೊಟ್ಟೆ, ಅದರಲ್ಲಿ ಏನನ್ನು ನೋಡುತ್ತೇನೆ ಎಂಬುದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಈಚಿನ ನಾಲ್ಕೈದು ವರ್ಷಗಳಲ್ಲಿ ನನ್ನ ತೋಟದ ಎರಡನೆಯ ಸುತ್ತು ಒಮ್ಮೆಯೂ ಪೂರ್ತಿ ತೊಳೆದುಹೋಗಿಲ್ಲ, ಕೊಳೆಗೆ ಹೋದ ಅಡಿಕೆ ಅರ್ಧ ಕ್ವಿಂಟಲ್ ಮೀರಿಲ್ಲ. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವುವ ನವೆಂಬರಿನ ದಿನಗಳಿಗೂ ಈ ಕ್ರಮವನ್ನು ಹಚ್ಚಿ ನೋಡಿದೆ. ಸಮುದ್ರದ ವಾಯುಭಾರ ಕುಸಿತದಿಂದ ಬರುವ ಆ ಮಳೆಯ ಮುಂದೆ ಜೇನೂ ಜೇಡವೂ ಕೆಲಸಕ್ಕೆ ಬರಲಿಲ್ಲ, ಆದ್ದರಿಂದ ಆಗ ಹವಾಮಾನ ಇಲಾಖೆಯ ಮಾತನ್ನೇ ಕೇಳಿ ಟಾರ್ಪಾಲು ಸಿದ್ಧವಿಡುತ್ತೇನೆ.